ವೇಗದ ವಾಹನವೂ ಶ್ರಾವಕನ ಪರಿಮಾಣವೂ

ಗೃಹಸ್ಥನು ಅನುಭವಿಸುವ ವಸ್ತುಗಳನ್ನು ಜೈನಾಚಾರ್ಯರು ಎರಡು ವರ್ಗಗಳಾಗಿ ವಿಂಗಡಿಸಿದ್ದಾರೆ. ಒಮ್ಮೆ ಬಳಸಿದೊಡನೆ ಮುಗಿದುಹೋಗುವ ಅನ್ನ, ಗಂಧ, ಪುಷ್ಪ ಮೊದಲಾದವು ಭೋಗ. ಮತ್ತೆ ಮತ್ತೆ ಬಳಕೆಗೆ ಒದಗುವ ವಸ್ತ್ರ, ಆಭರಣ, ಶಯ್ಯೆ, ವಾಹನ ಮೊದಲಾದವು ಉಪಭೋಗ. ಈ ಎರಡಕ್ಕೂ ಶ್ರಾವಕನು ತಾನೇ ಒಂದು ಎಲ್ಲೆಯನ್ನು ಹಾಕಿಕೊಳ್ಳಬೇಕೆಂಬುದು ಭೋಗೋಪಭೋಗ ಪರಿಮಾಣ ವ್ರತದ ತಿರುಳು. ಆಹಾರದ ವಿಷಯದಲ್ಲಿ ಈ ವ್ರತವನ್ನು ಸಮಾಜವು ಇಂದಿಗೂ ಶ್ರದ್ಧೆಯಿಂದ ಪಾಲಿಸುತ್ತಿದೆ. ಕಂದಮೂಲಗಳನ್ನು ಬಿಟ್ಟವರು, ಸೂರ್ಯಾಸ್ತದ ನಂತರ ಊಟ ಮಾಡದವರು, ಚಾತುರ್ಮಾಸದಲ್ಲಿ ಹಸಿರು ತರಕಾರಿಯನ್ನು ತ್ಯಜಿಸುವವರು ಪ್ರತಿ ಮನೆಯಲ್ಲೂ ಕಾಣಸಿಗುತ್ತಾರೆ. ಆದರೆ ಅದೇ ಮನೆಯ ಅಂಗಳದಲ್ಲಿ ನಿಲ್ಲುವ ವಾಹನದ ವಿಷಯ ಬಂದಾಗ, ವ್ರತದ ನೆನಪು ಬರುವುದು ಅಪರೂಪ. ಬೆಲೆ ಎಷ್ಟು, ಸಾಲ ದೊರೆಯುವುದೇ, ನೆರೆಯವರು ಯಾವುದನ್ನು ಕೊಂಡರು ಎಂಬ ಮೂರು ಪ್ರಶ್ನೆಗಳಲ್ಲೇ ವಿಚಾರ ಮುಗಿದುಹೋಗುತ್ತದೆ. ಸಂಚಾರದ ಅಗತ್ಯಕ್ಕಾಗಿ ಅಲ್ಲದೆ ಓಡಿಸುವ ಆನಂದಕ್ಕಾಗಿಯೇ ಕೊಳ್ಳುವ, ಅತಿಶಕ್ತಿಯ ಎಂಜಿನ್ ಉಳ್ಳ ಕಾರುಗಳು ಇಂದು ಶ್ರಾವಕರ ಮನೆಗಳಿಗೂ ಬರುತ್ತಿರುವುದರಿಂದ ಈ ವಿಷಯವನ್ನು ಶಾಸ್ತ್ರದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವಾಗಿದೆ.

ಪ್ರಶ್ನೆಯ ಸ್ವರೂಪ

ಬೆಂಗಳೂರಿನ ದಕ್ಷಿಣಕ್ಕೆ ಆನೇಕಲ್ ತಾಲ್ಲೂಕಿನಲ್ಲಿರುವ ಜಿಗಣಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹೊಲಗದ್ದೆಗಳಿದ್ದ ಈ ಪ್ರದೇಶವು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಯೋಜನೆಯಿಂದ ಕೈಗಾರಿಕಾ ನೆಲೆಯಾಯಿತು. ಗ್ರಾನೈಟ್ ಕಲ್ಲನ್ನು ಕೊಯ್ದು ಹೊಳಪು ಕೊಡುವ ಘಟಕಗಳಿಗೆ ಹೆಸರಾದ ಈ ಊರು ಒಂದು ಕಡೆ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಗಳಿಗೂ ಇನ್ನೊಂದು ಕಡೆ ಬನ್ನೇರುಘಟ್ಟದ ಕಾಡಿಗೂ ಸಮೀಪವಾಗಿದೆ. ಇಲ್ಲಿಯ ರಸ್ತೆಗಳಲ್ಲಿ ಕಲ್ಲು ಹೊತ್ತ ಲಾರಿಗಳು, ಕಾರ್ಖಾನೆಯ ಬಸ್ಸುಗಳು, ಪಾಳಿ ಮುಗಿಸಿ ನಡೆದು ಹೋಗುವ ಕಾರ್ಮಿಕರು, ದನಗಳು, ಬೀದಿನಾಯಿಗಳು ಎಲ್ಲವೂ ಒಂದೇ ದಾರಿಯನ್ನು ಹಂಚಿಕೊಂಡಿವೆ.

ಇಂಥ ಸ್ಥಳದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಬ್ಬ ಶ್ರಾವಕನಿದ್ದಾನೆಂದು ಭಾವಿಸೋಣ. ಮೂವತ್ತು ವರ್ಷಗಳ ದುಡಿಮೆಯಿಂದ ಆತನ ಕೈಯಲ್ಲಿ ಹಣವಿದೆ. ಎಂಜಿನಿಯರಿಂಗ್ ಓದಿದ ಮಗ ವ್ಯವಹಾರದಲ್ಲಿ ಜೊತೆಗೂಡಿದ್ದಾನೆ. ಮಗನಿಗೆ ವೇಗದ ಕಾರೊಂದನ್ನು ಕೊಳ್ಳುವ ಆಸೆ. 2025ರಲ್ಲಿ ಭಾರತಕ್ಕೆ ಮೊದಲ ಕಂತಿನಲ್ಲಿ ಕೇವಲ 150ರ ಸಂಖ್ಯೆಯಲ್ಲಿ ಆಮದಾದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಅಂಥದ್ದೊಂದು ಕಾರು. 265 ಅಶ್ವಶಕ್ತಿಯ ಅದು ನಿಂತಲ್ಲಿಂದ 5.9 ಸೆಕೆಂಡುಗಳಲ್ಲಿ 100 ಕಿ.ಮೀ. ವೇಗವನ್ನು ಮುಟ್ಟುತ್ತದೆ, ಬಿಡುಗಡೆಯಾದಾಗ ಮಳಿಗೆಯ ಬೆಲೆ ಸುಮಾರು 53 ಲಕ್ಷ ರೂಪಾಯಿ. ತಂದೆಯ ತಲೆಮಾರು ಓಡಿಸಿದ ಪ್ರೀಮಿಯರ್ ಪದ್ಮಿನಿಯ ಶಕ್ತಿ ಸುಮಾರು 40 ಅಶ್ವಶಕ್ತಿ ಮಾತ್ರವಾಗಿತ್ತು. ತಂದೆಯು ಮಗನ ಆಸೆಯನ್ನು ಕೇಳಿ, ಅಷ್ಟೇ ಹಣಕ್ಕೆ ಏಳು ಮಂದಿ ಕೂರುವ ಎತ್ತರದ ಡೀಸೆಲ್ ವಾಹನವನ್ನು ಕೊಳ್ಳಬಹುದೆಂದೂ, ಅದು ಸಂಸಾರಸ್ಥರಿಗೆ ತಕ್ಕುದೆಂದೂ, ಇದು ಕೇವಲ ಶೋಕಿಯೆಂದೂ ಹೇಳುತ್ತಾನೆ.

ಮಗನ ಉತ್ತರವು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಏಳು ಆಸನಗಳ ಆ ವಾಹನದಲ್ಲಿ ವರ್ಷದ ಬಹುಪಾಲು ದಿನ ತಂದೆಯೊಬ್ಬನೇ ಕುಳಿತು ಕಾರ್ಖಾನೆಗೆ ಹೋಗಿಬರುವನು. ಅದರ ತೂಕ ಎರಡು ಟನ್ನಿಗೂ ಮಿಗಿಲು. ತಾನು ಬಯಸಿದ ಕಾರಿನದು ಸುಮಾರು ಒಂದೂವರೆ ಟನ್. ಹೆಚ್ಚು ತೂಕವು ಹೆಚ್ಚು ಇಂಧನವನ್ನು ಸುಡುತ್ತದೆ. ಡಿಕ್ಕಿಯಾದರೆ ಎದುರಿನ ಜೀವಕ್ಕೆ ಹೆಚ್ಚು ಪೆಟ್ಟು ಕೊಡುತ್ತದೆ. ಬೆಲೆ ಒಂದೇ ಆಗಿರುವಾಗ ಒಂದು ಪರಿಗ್ರಹವು ಗೌರವ, ಇನ್ನೊಂದು ಪರಿಗ್ರಹವು ದೋಷ ಎಂದು ಯಾವ ಶಾಸ್ತ್ರವು ಹೇಳಿದೆ?

ಈ ಪ್ರಶ್ನೆಗೆ ಗದರಿಕೆ ಉತ್ತರವಾಗಲಾರದು. ತಂದೆಯ ಆಯ್ಕೆಯಲ್ಲಿ ಪ್ರತಿಷ್ಠೆಯಿದೆ, ಮಗನ ಆಯ್ಕೆಯಲ್ಲಿ ಹರ್ಷವಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿದೆ.

ಆನಂದನ ಬಂಡಿಗಳು

ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಆನಂದನೆಂಬ ಗೃಹಸ್ಥನ ಕಥೆಯಿದೆ. ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ಅಣುವ್ರತಗಳನ್ನು ಸ್ವೀಕರಿಸಿದ ಆತ ಬಹುದೊಡ್ಡ ಸಿರಿವಂತ. ತನ್ನ ಹೊನ್ನು, ಗೋವುಗಳು, ನೇಗಿಲುಗಳು ಎಲ್ಲಕ್ಕೂ ಎಲ್ಲೆಯನ್ನು ಹಾಕಿಕೊಂಡ ಆತನು ವಾಹನಗಳನ್ನೂ ಬಿಡಲಿಲ್ಲ. ದೂರ ದೇಶಗಳಿಗೆ ಹೋಗಲು 500 ಬಂಡಿಗಳು, ಊರಿನಲ್ಲಿ ಸಾಮಗ್ರಿ ಸಾಗಿಸಲು 500 ಬಂಡಿಗಳು, ಹಾಗೆಯೇ ನಾಲ್ಕು ಮತ್ತು ನಾಲ್ಕು ನಾವೆಗಳು. ಇದಕ್ಕೆ ಮೀರಿದ ವಾಹನವು ತನಗೆ ಬೇಡವೆಂದು ನಿಶ್ಚಯಿಸಿದನು.

ಸಾವಿರ ಬಂಡಿಗಳನ್ನು ಇಟ್ಟುಕೊಂಡವನು ಎಂಥ ವ್ರತಿ ಎಂಬ ಸಂದೇಹ ಇಂದಿನವರಿಗೆ ಬರಬಹುದು. ಆದರೆ ಕಥೆಯ ಮರ್ಮ ಸಂಖ್ಯೆಯಲ್ಲಿಲ್ಲ, ಕ್ರಮದಲ್ಲಿದೆ. ಆನಂದನು ಮೊದಲು ಎಣಿಸಿದನು, ಆಮೇಲೆ ನಡೆದನು. ಇಂದಿನ ಗೃಹಸ್ಥನು ಮೊದಲು ಮಳಿಗೆಗೆ ಹೋಗುತ್ತಾನೆ, ಹೊಳೆಯುವ ವಾಹನದಲ್ಲಿ ಕುಳಿತು ಪರೀಕ್ಷಾರ್ಥವಾಗಿ ಒಂದು ಸುತ್ತು ಓಡಿಸುತ್ತಾನೆ, ಮನಸ್ಸು ಅದಕ್ಕೆ ಅಂಟಿಕೊಂಡ ಮೇಲೆ ಅದಕ್ಕೆ ಸರಿಹೊಂದುವಂತೆ ತನ್ನ ಎಲ್ಲೆಯನ್ನು ವಿಸ್ತರಿಸುತ್ತಾನೆ. 30 ಲಕ್ಷವೆಂದು ಹೊರಟವನು 53 ಲಕ್ಷಕ್ಕೆ ಸಹಿ ಹಾಕಿ ಬರುವುದು ಹೀಗೆ. ವಸ್ತುವನ್ನು ನೋಡಿದ ಮೇಲೆ ಹಾಕಿಕೊಂಡ ಎಲ್ಲೆಯು ಪರಿಮಾಣವಲ್ಲ. ಅದು ಆಸೆಯ ಅಳತೆ ಮಾತ್ರ.

ಶ್ವೇತಾಂಬರ ಸಂಪ್ರದಾಯದ ಹದಿನಾಲ್ಕು ನಿತ್ಯನಿಯಮಗಳಲ್ಲಿ ವಾಹನವೂ ಒಂದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಜೀವಿತಾವಧಿಯ ತ್ಯಾಗವನ್ನು ಯಮವೆಂದೂ, ಒಂದು ದಿನ, ಪಕ್ಷ, ಮಾಸ, ಋತು ಮುಂತಾದ ಕಾಲದ ಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಕರೆದು, ನಿಯಮಕ್ಕೆ ಒಳಪಡುವ ವಸ್ತುಗಳಲ್ಲಿ ವಾಹನವನ್ನು ಹೆಸರಿಸಿದ್ದಾರೆ. ಆದ್ದರಿಂದ ವಾಹನಕ್ಕೆ ಮಿತಿ ಹಾಕುವುದು ಹೊಸ ಕಾಲದ ಕಲ್ಪನೆಯಲ್ಲ. ಎರಡೂ ಸಂಪ್ರದಾಯಗಳು ಒಪ್ಪಿದ ಹಳೆಯ ವಿಧಿ.

ಅತಿವಾಹನ ಮತ್ತು ವಿಸ್ಮಯ

ಪರಿಮಿತ ಪರಿಗ್ರಹ ವ್ರತಕ್ಕೆ ಸಮಂತಭದ್ರಾಚಾರ್ಯರು ಹೇಳುವ ಐದು ಅತಿಚಾರಗಳಲ್ಲಿ ಮೊದಲನೆಯದೇ ಅತಿವಾಹನ. ಲೋಭದಿಂದ ಎತ್ತು, ಕುದುರೆ ಮುಂತಾದ ಪ್ರಾಣಿಗಳನ್ನು ಅವುಗಳ ಶಕ್ತಿಗೆ ಮೀರಿ ದೂರ ಓಡಿಸುವುದು ಎಂದು ಅದನ್ನು ವಿವರಿಸುತ್ತಾರೆ. ಅಗತ್ಯಕ್ಕಿಂತ ಹೆಚ್ಚು ವಾಹನಗಳನ್ನು ಹೊಂದುವುದೆಂದೂ ಅರ್ಥ ಮಾಡುವುದುಂಟು. ಎಂಜಿನ್ನಿಗೆ ನೋವಿಲ್ಲವಾದ್ದರಿಂದ ಮೊದಲನೆಯ ಅರ್ಥವು ಕಾರಿಗೆ ಅನ್ವಯಿಸದೆಂದು ಹೇಳಬಹುದು. ಆದರೆ ಓಡಿಸುವ ಮನಸ್ಸಿನ ಸ್ಥಿತಿ ಬದಲಾಗಿಲ್ಲ. ಅಂದು ಎತ್ತಿನ ಬೆನ್ನಿನ ಮೇಲೆ ಬೀಳುತ್ತಿದ್ದ ಪೆಟ್ಟು ಇಂದು ದಾರಿಯಲ್ಲಿ ನಡೆಯುವವನ ಮೇಲೆ ಬೀಳುವ ಸಂಭವವಿದೆ.

ಅದೇ ಪಟ್ಟಿಯಲ್ಲಿ ವಿಸ್ಮಯವೆಂಬ ಇನ್ನೊಂದು ಅತಿಚಾರವಿದೆ. ಇತರರ ಸಂಪತ್ತನ್ನು ಕಂಡು ಬೆರಗಾಗಿ ಒಳಗೇ ಕುದಿಯುವುದು ಇದರ ಲಕ್ಷಣ. ಅತಿವೇಗದ ಕಾರುಗಳ ವ್ಯಾಪಾರದಲ್ಲಿ ಈ ವಿಸ್ಮಯಕ್ಕೆ ದೊಡ್ಡ ಪಾತ್ರವಿದೆ. 100 ಕಿ.ಮೀ. ವೇಗ ಮುಟ್ಟಲು ಒಂದು ಕಾರಿಗೆ ಆರು ಸೆಕೆಂಡು, ಇನ್ನೊಂದಕ್ಕೆ ಐದು, ಮತ್ತೊಂದಕ್ಕೆ ನಾಲ್ಕು. ಬೊಮ್ಮಸಂದ್ರದ ಸಂಚಾರದಟ್ಟಣೆಯಲ್ಲಿ ಈ ಒಂದೆರಡು ಸೆಕೆಂಡುಗಳಿಗೆ ಯಾವ ಬೆಲೆಯೂ ಇಲ್ಲ. ಇನ್ನೊಬ್ಬನ ಸಂಖ್ಯೆಗಿಂತ ತನ್ನದು ಮೇಲಾಗಿರಬೇಕೆಂಬುದೇ ಅವುಗಳ ಬೆಲೆ.

ಪಂಪನ ಆದಿಪುರಾಣದಲ್ಲಿ ಬರುವ ವೃಷಭಾಚಲದ ಪ್ರಸಂಗ ಇಲ್ಲಿ ಸ್ಮರಣೀಯ. ಷಟ್ಖಂಡವನ್ನು ಗೆದ್ದ ಭರತ ಚಕ್ರವರ್ತಿಯು ತನ್ನ ಕೀರ್ತಿಯನ್ನು ಕೆತ್ತಿಸಲು ಆ ಪರ್ವತಕ್ಕೆ ಹೋದಾಗ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ತುಂಬಿಹೋದ ಬಂಡೆಯಲ್ಲಿ ಒಂದು ಹೆಸರಿಗೂ ಎಡೆಯಿರಲಿಲ್ಲ. ಹಿಂದಿನವನೊಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಿಸಬೇಕಾಯಿತು. ಅಲ್ಲಿ ಅವನ ಗರ್ವ ಕರಗಿತು. ವೇಗದ ಕಾರಿನ ಕೀರ್ತಿಯೂ ಇಂಥದೇ. ಇಂದು ಬರೆದ ಸಂಖ್ಯೆಯನ್ನು ಬರುವ ವರ್ಷದ ಮಾದರಿ ಅಳಿಸುತ್ತದೆ. ಪರ್ವತದ ಮುಂದೆ ನಿಂತು ಭರತನಿಗೆ ತಿಳಿದದ್ದು, ಸಾಲದ ಕಂತು ಮುಗಿಯುವ ಮೊದಲೇ ಗೃಹಸ್ಥನಿಗೂ ತಿಳಿಯುತ್ತದೆ.

ಈರ್ಯಾಸಮಿತಿ ಮತ್ತು ಪ್ರಮಾದ

ಮುನಿಗಳ ಐದು ಸಮಿತಿಗಳಲ್ಲಿ ಈರ್ಯಾಸಮಿತಿ ಮೊದಲನೆಯದು. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತಾ, ಹಗಲಿನಲ್ಲಿ, ಜನರು ತುಳಿದ ದಾರಿಯಲ್ಲಿ, ಜೀವಿಗಳನ್ನು ರಕ್ಷಿಸುತ್ತಾ ನಡೆಯುವುದು ಅದರ ವಿಧಿ. ನಡೆಯುವವನು ನಾಲ್ಕು ಮೊಳದೊಳಗೆ ನಿಲ್ಲಬಲ್ಲನು. ಆದ್ದರಿಂದ ಅಷ್ಟು ದೂರವನ್ನು ನೋಡಿದರೆ ಸಾಕು. ವಿಧಿಯ ಹಿಂದಿರುವ ನ್ಯಾಯವೆಂದರೆ, ಎಷ್ಟು ದೂರದೊಳಗೆ ನಿಲ್ಲಲು ಸಾಧ್ಯವೋ ಅಷ್ಟು ದೂರವನ್ನು ನೋಡಿ ಶುದ್ಧವಾಗಿದೆಯೆಂದು ತಿಳಿದ ಮೇಲೆಯೇ ಮುಂದುವರಿಯಬೇಕು ಎಂಬುದು.

ಇದೇ ನ್ಯಾಯವನ್ನು ಕಾರಿಗೆ ಅನ್ವಯಿಸಿ ಲೆಕ್ಕ ಹಾಕಬಹುದು. ಅಪಾಯವನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡು ಹಿಡಿಯುವುದೆಂದೂ, ರಸ್ತೆ ಒಣಗಿದ್ದು ಟೈರುಗಳು ಚೆನ್ನಾಗಿವೆಯೆಂದೂ ಇಟ್ಟುಕೊಂಡರೆ, ಗಂಟೆಗೆ 40 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 20 ಮೀಟರ್ ಬೇಕು. 80 ಕಿ.ಮೀ. ವೇಗದಲ್ಲಿ ಸುಮಾರು 57 ಮೀಟರ್, 120 ಕಿ.ಮೀ. ವೇಗದಲ್ಲಿ ಸುಮಾರು 113 ಮೀಟರ್. ವೇಗ ಮೂರು ಪಟ್ಟಾದರೆ ನಿಲ್ಲುವ ದೂರ ಐದು ಪಟ್ಟಿಗೂ ಮಿಗಿಲಾಗುತ್ತದೆ. ಡಿಕ್ಕಿಯ ಶಕ್ತಿ ಒಂಬತ್ತು ಪಟ್ಟಾಗುತ್ತದೆ. ರಾತ್ರಿಯಲ್ಲಿ, ಲಾರಿಗಳ ಮರೆಯಲ್ಲಿ, ಮಳೆಯಲ್ಲಿ 113 ಮೀಟರ್ ದಾರಿಯನ್ನು ಶುದ್ಧವೆಂದು ಹೇಳಬಲ್ಲ ಚಾಲಕನಿಲ್ಲ. ಹೀಗೆ ಪಡೆದ ಲಾಭವಾದರೂ ಎಷ್ಟು? 2010ರ ಜನವರಿಯಲ್ಲಿ ಸಂಚಾರಕ್ಕೆ ತೆರೆದ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯ ಉದ್ದ ಸುಮಾರು 10 ಕಿ.ಮೀ. ಅದನ್ನು 80ರ ವೇಗದಲ್ಲಿ ದಾಟಲು ಏಳೂವರೆ ನಿಮಿಷ, 120ರ ವೇಗದಲ್ಲಿ ಐದು ನಿಮಿಷ. ಉಳಿಯುವುದು ಎರಡೂವರೆ ನಿಮಿಷ. ಒಂದು ಜಪಮಾಲೆಯನ್ನು ಪೂರ್ಣಗೊಳಿಸಲೂ ಸಾಲದಷ್ಟು ಕಾಲ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಶೇಕಡ 71ಕ್ಕೂ ಹೆಚ್ಚು ಮಂದಿಯ ಸಾವು ಅತಿವೇಗದ ಲೆಕ್ಕದಲ್ಲಿದೆ. ಸತ್ತವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು, 32,825 ಮಂದಿ ಪಾದಚಾರಿಗಳು. ಅಂದರೆ ಪ್ರತಿ ಹತ್ತರಲ್ಲಿ ಆರಕ್ಕೂ ಹೆಚ್ಚು ಜನರಿಗೆ ಉಕ್ಕಿನ ಕವಚವೇ ಇರಲಿಲ್ಲ. ಇಲ್ಲಿಯೇ ವೇಗದ ಸುಖವು ಇತರ ಸುಖಗಳಿಂದ ಬೇರೆಯಾಗುತ್ತದೆ. ಮಿಠಾಯಿಯನ್ನು ಮಿತಿಮೀರಿ ತಿಂದವನ ಹೊಟ್ಟೆ ಅವನದೇ. ವೇಗವನ್ನು ಮಿತಿಮೀರಿ ಸವಿದವನ ಋಣವನ್ನು ತೀರಿಸುವ ದೇಹ ಹಲವು ಬಾರಿ ಇನ್ನೊಬ್ಬನದು.

‘ನನ್ನಿಂದ ಈವರೆಗೆ ಒಂದು ಅಪಘಾತವೂ ಆಗಿಲ್ಲ’ ಎಂಬ ಮಾತು ಸಾಮಾನ್ಯ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ವಿವರಿಸುವಾಗ ಪ್ರಮಾದದಿಂದ ಕೂಡಿದ ಪ್ರವೃತ್ತಿಯನ್ನು ಮುಂದಿಟ್ಟಿದ್ದಾರೆ. ಕುಂದಕುಂದಾಚಾರ್ಯರೂ ಅಮೃತಚಂದ್ರಾಚಾರ್ಯರೂ ಇದನ್ನು ಇನ್ನೂ ಸ್ಪಷ್ಟಗೊಳಿಸಿದ್ದಾರೆ. ಎಚ್ಚರದಿಂದ ನಡೆಯುವ ಯತಿಯ ಕಾಲಡಿಗೆ ಆಕಸ್ಮಿಕವಾಗಿ ಜೀವಿ ಸಿಕ್ಕಿ ಸತ್ತರೂ ಅವನಿಗೆ ಹಿಂಸೆಯ ಬಂಧವಿಲ್ಲ. ಎಚ್ಚರಗೇಡಿಯಾಗಿ ನಡೆಯುವವನಿಂದ ಒಂದು ಜೀವಿಯೂ ಸಾಯದಿದ್ದರೂ ಅವನು ಹಿಂಸಕನೇ. ಅಪಘಾತವಾಗದೆ ಮನೆ ಸೇರಿದ ಅತಿವೇಗದ ಪ್ರಯಾಣವು ಪೊಲೀಸರ ಪುಸ್ತಕದಲ್ಲಿ ಶೂನ್ಯವಾಗಿರಬಹುದು, ಕರ್ಮದ ಪುಸ್ತಕದಲ್ಲಿ ಶೂನ್ಯವಲ್ಲ.

ಕೀಲಿಕೈಯ ವಿಷಯವೂ ಇದಕ್ಕೆ ಸೇರಿದೆ. ಹಿಂಸೆಯ ಉಪಕರಣಗಳನ್ನು ಇತರರಿಗೆ ಕೊಡುವುದು ಹಿಂಸಾದಾನವೆಂಬ ಅನರ್ಥದಂಡ. 2024ರ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ, 17 ವರ್ಷದ ಬಾಲಕನು ನಡೆಸುತ್ತಿದ್ದನೆನ್ನಲಾದ ಐಷಾರಾಮಿ ಕಾರು ದ್ವಿಚಕ್ರ ವಾಹನಕ್ಕೆ ಡಿಕ್ಕಿಯಾಗಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಅಪ್ರಾಪ್ತರ ಇಂಥ ಅಪರಾಧಕ್ಕೆ ಪೋಷಕರಿಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷದವರೆಗಿನ ಸೆರೆವಾಸವನ್ನು ವಿಧಿಸಿದೆ. ಶಾಸ್ತ್ರವು ಸಾವಿರಾರು ವರ್ಷಗಳ ಹಿಂದೆ ಹೇಳಿದ್ದನ್ನು ಕಾಯಿದೆಯು ಈಗ ಹೇಳಿದೆ.

ಬೊಮ್ಮಸಂದ್ರದ ಪುಟ್ಟ ಕಾರು

ಜಿಗಣಿಗೆ ಹೊಂದಿಕೊಂಡಂತಿರುವ ಬೊಮ್ಮಸಂದ್ರದಲ್ಲಿಯೇ ವಾಹನದ ಇತಿಹಾಸದ ಒಂದು ಗಮನಾರ್ಹ ಅಧ್ಯಾಯ ನಡೆದಿದೆ. 1994ರಲ್ಲಿ ಚೇತನ್ ಮೈನಿಯವರ ನೇತೃತ್ವದಲ್ಲಿ ಆರಂಭವಾದ ರೇವಾ ಸಂಸ್ಥೆಯು 2001ರಲ್ಲಿ ವಿದ್ಯುತ್ತಿನಿಂದ ಓಡುವ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಕೂರಬಹುದಾಗಿದ್ದ ಅದರ ಹೊರಮೈ ಪ್ಲಾಸ್ಟಿಕ್ಕಿನದು. ವೇಗವು 80 ಕಿ.ಮೀ.ಗೆ ಮೀರುತ್ತಿರಲಿಲ್ಲ. ಲಂಡನ್ನಿನ ಬೀದಿಗಳಲ್ಲಿ ಅದು ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತು. ಅನೇಕರು ಅದನ್ನು ಆಟಿಕೆಯೆಂದು ನಕ್ಕರು. 2010ರಲ್ಲಿ ಮಹೀಂದ್ರ ಸಂಸ್ಥೆಯು ಅದರ ಬಹುಪಾಲು ಷೇರುಗಳನ್ನು ಕೊಂಡಿತು.

ಅದೇ ಮಹೀಂದ್ರ ಸಮೂಹದ ಒಡೆತನದಲ್ಲಿ ಯೂರೋಪಿನಲ್ಲಿ ತಯಾರಾಗಿ 2019ರಲ್ಲಿ ಜಿನೀವಾದಲ್ಲಿ ಪ್ರದರ್ಶಿತವಾದ ಪಿನಿನ್‌ಫರೀನಾ ಬತ್ತಿಸ್ತಾ ಎಂಬ ವಿದ್ಯುತ್ ಕಾರಿನ ಶಕ್ತಿ 1,900 ಅಶ್ವಶಕ್ತಿ. ಎರಡು ಸೆಕೆಂಡುಗಳೊಳಗೆ ಅದು 100 ಕಿ.ಮೀ. ವೇಗವನ್ನು ಮುಟ್ಟುತ್ತದೆ, ಇಡೀ ಲೋಕಕ್ಕೆ 150 ಕಾರುಗಳೆಂದು ಪ್ರಕಟಿಸಲಾಯಿತು. ಎರಡನ್ನೂ ಓಡಿಸುವುದು ವಿದ್ಯುತ್ತೇ, ಎರಡರಿಂದಲೂ ಹೊಗೆಯಿಲ್ಲ. ಹೊಗೆಯಿಲ್ಲವೆಂಬ ಒಂದೇ ಕಾರಣದಿಂದ ವಾಹನವು ಅಹಿಂಸಕವಾಗುವುದಾದರೆ ಇವೆರಡೂ ಸಮಾನವಾಗಬೇಕಾಗಿತ್ತು. ಹಾಗಲ್ಲವೆಂಬುದು ಸ್ಪಷ್ಟ. ವಿದ್ಯುತ್ ವಾಹನದ ದೊಡ್ಡ ಬ್ಯಾಟರಿಗೆ ಗಣಿಯ ಲೋಹಗಳು ಬೇಕು, ಅದರ ಭಾರ ಹೆಚ್ಚು, ಅದು ಸದ್ದಿಲ್ಲದೆ ಬರುವುದರಿಂದ ನಡೆಯುವವನಿಗೆ ಎಚ್ಚರಿಕೆಯೂ ಕಡಮೆ. ಸಾಧನವು ಶುದ್ಧವಾದಷ್ಟೂ ಬಳಸುವವನ ಪರಿಮಾಣವು ಅನಾವಶ್ಯಕವೆಂದು ತಿಳಿಯುವುದು ಭ್ರಾಂತಿ.

ಆಸನಗಳ ಚರ್ಮವು ಶ್ರಾವಕನು ಮರೆಯಬಾರದ ಇನ್ನೊಂದು ಸಂಗತಿ. ಬೆಲೆಬಾಳುವ ಕಾರುಗಳಲ್ಲಿ ಆಸನ ಮಾತ್ರವಲ್ಲದೆ, ಕೈಯಲ್ಲಿ ಸದಾ ಹಿಡಿಯುವ ಸ್ಟೀರಿಂಗ್ ಚಕ್ರದ ಹೊದಿಕೆ, ಗೇರ್ ಹಿಡಿಕೆಯ ಹೊದಿಕೆಗಳೂ ಚರ್ಮದವಾಗಿರಬಹುದು. ಕೃತಕವೆಂದು ಮಾರಾಟಗಾರನು ಬಾಯಲ್ಲಿ ಹೇಳಿದರೆ ಸಾಲದು, ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಇದು ಇಂದು ಅಸಾಧ್ಯವಾದ ಬೇಡಿಕೆಯಲ್ಲ. ವೋಲ್ವೊ ಸಂಸ್ಥೆಯು ತನ್ನ ಪೂರ್ಣ ವಿದ್ಯುತ್ ಕಾರುಗಳನ್ನೆಲ್ಲ ಚರ್ಮರಹಿತವಾಗಿಸುವುದಾಗಿ 2021ರಲ್ಲಿ ಪ್ರಕಟಿಸಿ, ಸಿ40 ಎಂಬ ಮಾದರಿಯಿಂದ ಆರಂಭಿಸಿತು. ಐದು ಸೆಕೆಂಡುಗಳೊಳಗೆ 100 ಕಿ.ಮೀ. ಮುಟ್ಟುವ ಆ ಕಾರನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಜೋಡಿಸಲಾಯಿತು. ವೇಗದ ಕಾರಿಗೆ ಚರ್ಮವು ಅನಿವಾರ್ಯವೆಂಬ ವಾದವು ಅಲ್ಲಿಗೆ ಬಿದ್ದುಹೋಯಿತು.

ತೆರಿಗೆ ಮತ್ತು ಲೆಕ್ಕಪುಸ್ತಕ

ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗೆ ಮೀರಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇಕಡ 18ರ ಜೀವಾವಧಿ ತೆರಿಗೆಯೂ ಅದರ ಮೇಲೆ ಉಪಕರವೂ ಇದೆ. ಇದನ್ನು ತಪ್ಪಿಸಲು ಪುದುಚೇರಿಯಂಥ ಕಡಮೆ ತೆರಿಗೆಯ ಪ್ರದೇಶಗಳ ವಿಳಾಸ ಕೊಟ್ಟು ನೋಂದಣಿ ಮಾಡಿಸಿ, ವಾಹನವನ್ನು ಬೆಂಗಳೂರಿನಲ್ಲೇ ಓಡಿಸುವ ರೂಢಿ ಬೆಳೆಯಿತು. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆಯು ಬೆಂಗಳೂರಿನಲ್ಲಿ ಇಂಥ ಸುಮಾರು 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಜುಲೈಯಲ್ಲಿ ಮಹಾರಾಷ್ಟ್ರದಲ್ಲಿ ನೋಂದಣಿಯಾಗಿದ್ದ ಒಂದು ಫೆರಾರಿ ಕಾರಿನ ಒಡೆಯರು ಸುಮಾರು 1.42 ಕೋಟಿ ರೂಪಾಯಿ ತೆರಿಗೆಯನ್ನು ದಂಡದೊಂದಿಗೆ ಕಟ್ಟಬೇಕಾಯಿತು.

ಇದನ್ನು ಚಾತುರ್ಯವೆಂದು ವ್ಯಾಪಾರಿಗಳ ನಡುವೆ ಹೇಳಿಕೊಳ್ಳುವುದುಂಟು. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ, ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಇವೆ. ರಾಜ್ಯದ ವಿಧಿಯನ್ನು ಮೀರಿ ಲಾಭ ಪಡೆಯುವುದು ಮೊದಲನೆಯದು. ಸುಳ್ಳು ಬರಹವನ್ನು ಸೃಷ್ಟಿಸುವುದು ಎರಡನೆಯದು. ವಾಸವಿಲ್ಲದ ಊರಿನ ವಿಳಾಸವನ್ನು ಬರೆದು ತೆರಿಗೆ ಉಳಿಸಿದವನು ಒಂದೇ ಸಹಿಯಿಂದ ಎರಡು ವ್ರತಗಳನ್ನು ಕಲುಷಿತಗೊಳಿಸುತ್ತಾನೆ. ಮಗನ ವಿನೋದಕ್ಕಾಗಿ ಕೊಂಡ ಕಾರನ್ನು ಕಾರ್ಖಾನೆಯ ಆಸ್ತಿಯೆಂದು ತೋರಿಸಿ, ಅದರ ಸವಕಳಿ, ಸಾಲದ ಬಡ್ಡಿ, ಪೆಟ್ರೋಲಿನ ವೆಚ್ಚಗಳನ್ನು ಪೂರ್ತಿಯಾಗಿ ವ್ಯಾಪಾರದ ಖರ್ಚಿಗೆ ಬರೆಯುವುದೂ ಕೂಟಲೇಖವೇ. ವ್ಯಾಪಾರಕ್ಕೆ ಬಳಸಿದ ಅಂಶಕ್ಕೆ ಮಾತ್ರ ಕಾಯಿದೆಯು ಅವಕಾಶ ಕೊಡುತ್ತದೆ.

ಶುದ್ಧವಾದ ಲೆಕ್ಕವನ್ನು ಬರೆದು ನೋಡುವುದೇ ಅನೇಕ ವೇಳೆ ದೊಡ್ಡ ಉಪದೇಶವಾಗುತ್ತದೆ. 50 ಲಕ್ಷದ ಕಾರೊಂದಕ್ಕೆ ಜೀವಾವಧಿ ತೆರಿಗೆ 9 ಲಕ್ಷ. 40 ಲಕ್ಷವನ್ನು ಶೇಕಡ 9ರ ಬಡ್ಡಿಗೆ ಐದು ವರ್ಷದ ಅವಧಿಗೆ ಸಾಲ ಪಡೆದರೆ ತಿಂಗಳ ಕಂತು ಸುಮಾರು 83,000. ಒಟ್ಟು ಬಡ್ಡಿ ಸುಮಾರು 9.8 ಲಕ್ಷ. ವರ್ಷಕ್ಕೆ ಶೇಕಡ 15ರಂತೆ ಸವಕಳಿ ಕಳೆದರೆ ಐದು ವರ್ಷದ ನಂತರ ಪುಸ್ತಕದಲ್ಲಿ ಉಳಿಯುವ ಮೌಲ್ಯ ಸುಮಾರು 22.2 ಲಕ್ಷ. ವಿಮೆ, ಪೆಟ್ರೋಲ್, ದುರಸ್ತಿಗಳನ್ನು ಬಿಟ್ಟರೂ ಐದು ವರ್ಷದಲ್ಲಿ ಕರಗಿದ್ದು ಸುಮಾರು 46 ಲಕ್ಷ. ದಿನವೊಂದಕ್ಕೆ 2,500 ರೂಪಾಯಿ. ಕಾರು ಮನೆಯಲ್ಲಿ ನಿಂತಿದ್ದರೂ ಈ ಖರ್ಚು ನಿಲ್ಲುವುದಿಲ್ಲ. ಕಾರ್ಖಾನೆಯ ಕಾರ್ಮಿಕನೊಬ್ಬನ ದಿನಗೂಲಿಯ ಪಕ್ಕದಲ್ಲಿ ಈ ಅಂಕಿಯನ್ನು ಬರೆದುಕೊಂಡರೆ, ತಂದೆಗೂ ಮಗನಿಗೂ ವಿಚಾರ ಮಾಡಲು ಬೇರೊಂದು ಗ್ರಂಥ ಬೇಕಾಗದು. ತಂದೆಯು ಹೇಳುವ ದೊಡ್ಡ ವಾಹನಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ ಎಂಬುದನ್ನು ಮರೆಯುವಂತಿಲ್ಲ. 2025ರ ಆಗಸ್ಟಿನಿಂದ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೊ ರೈಲು ಓಡುತ್ತಿರುವುದರಿಂದ, ಎರಡು ವಾಹನಗಳೂ ಅನಿವಾರ್ಯವೆಂಬ ಮಾತಿನ ಬಲ ಮೊದಲಿಗಿಂತ ಕುಗ್ಗಿದೆ.

ಹರ್ಷವು ನಿಷಿದ್ಧವೇ?

ಹಾಗಾದರೆ ಓಡಿಸುವ ಸಂತೋಷವೇ ಪಾಪವೇ ಎಂಬ ಪ್ರಶ್ನೆ ಉಳಿಯುತ್ತದೆ. ಗೃಹಸ್ಥನಿಗೆ ಭೋಗವನ್ನು ಪೂರ್ಣವಾಗಿ ನಿಷೇಧಿಸಿದ್ದರೆ ಪರಿಮಾಣ ವ್ರತಕ್ಕೆ ಅರ್ಥವೇ ಇರುತ್ತಿರಲಿಲ್ಲ. ಮೂಡಬಿದಿರೆಯ ರತ್ನಾಕರವರ್ಣಿಯು ಹದಿನಾರನೆಯ ಶತಮಾನದಲ್ಲಿ ರಚಿಸಿದ ಭರತೇಶ ವೈಭವದಲ್ಲಿ ಭೋಗದ ನಡುವೆಯೇ ಯೋಗಿಯಾಗಿದ್ದ ಚಕ್ರವರ್ತಿಯ ಚಿತ್ರವಿದೆ. ಈ ಕಾವ್ಯವನ್ನು ತಮ್ಮ ಆಸೆಗೆ ಆಧಾರವಾಗಿ ಹಿಡಿಯುವವರುಂಟು. ಅವರು ಗಮನಿಸಬೇಕಾದದ್ದು, ಭರತೇಶನ ಹಿರಿಮೆಯು ಭೋಗವನ್ನು ಹೊಂದಿದ್ದುದರಲ್ಲಿಲ್ಲ, ಅದು ಅವನನ್ನು ಹೊಂದದೆ ಇದ್ದುದರಲ್ಲಿದೆ ಎಂಬುದನ್ನು. ಬಾಗಿಲಿನ ಮೇಲೆ ಗೀರು ಬಿದ್ದರೆ ರಾತ್ರಿಯ ನಿದ್ದೆ ಕೆಡಿಸಿಕೊಳ್ಳುವವನು ಭರತೇಶನ ಸಾಕ್ಷ್ಯವನ್ನು ಕರೆಯಲಾರ. ಮೂರ್ಛೆಯೇ ಪರಿಗ್ರಹವೆಂದು ಶಾಸ್ತ್ರವು ಹೇಳಿದ್ದು ಇದನ್ನೇ.

ಇಲ್ಲಿ ಒಂದು ಕಠಿಣ ಮಾತನ್ನೂ ಮರೆಮಾಚದೆ ಹೇಳಬೇಕು. ಸಮಂತಭದ್ರಾಚಾರ್ಯರು ಪ್ರಮಾದಚರ್ಯೆಯೆಂಬ ಅನರ್ಥದಂಡವನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ಅತ್ತಿತ್ತ ತಿರುಗಾಡುವುದನ್ನೂ ಇತರರನ್ನು ತಿರುಗಾಡಿಸುವುದನ್ನೂ ಅದರಲ್ಲಿ ಸೇರಿಸಿದ್ದಾರೆ. ವಿನೋದಕ್ಕಾಗಿ ಕಾರು ಓಡಿಸುವುದು ಈ ಮಾತಿನ ಎಲ್ಲೆಯೊಳಗೇ ಬರುತ್ತದೆ. ಅದು ದೋಷವಲ್ಲವೆಂದು ಸಾಧಿಸಲು ಹೊರಡುವುದಕ್ಕಿಂತ, ದೋಷವೆಂದು ಒಪ್ಪಿ ಅದಕ್ಕೆ ಮಿತಿ ಹಾಕುವುದು ಶ್ರಾವಕನಿಗೆ ಉಚಿತ. ಒಪ್ಪಿಕೊಂಡ ಭೋಗಕ್ಕೆ ಎಲ್ಲೆ ಉಂಟು. ಸಮರ್ಥಿಸಿಕೊಂಡ ಭೋಗಕ್ಕೆ ಎಲ್ಲೆಯಿಲ್ಲ. ತನ್ನ ದೊಡ್ಡ ವಾಹನವನ್ನು ಕುಟುಂಬದ ಅಗತ್ಯವೆಂದು ಸಮರ್ಥಿಸುವ ತಂದೆಗಿಂತ, ತನ್ನದು ಕೇವಲ ಹರ್ಷವೆಂದು ಒಪ್ಪುವ ಮಗನು ಈ ದೃಷ್ಟಿಯಲ್ಲಿ ವ್ರತಕ್ಕೆ ಒಂದು ಹೆಜ್ಜೆ ಹತ್ತಿರವಿದ್ದಾನೆ. ಆದರೆ ಒಪ್ಪಿಕೊಂಡಲ್ಲಿಗೇ ನಿಂತರೆ ಆ ಹೆಜ್ಜೆ ವ್ಯರ್ಥ. ಮುಂದಿನ ಹೆಜ್ಜೆ ನಿಯಮ.

ಆ ನಿಯಮವು ಹೀಗಿರಬಹುದು. ಮಳಿಗೆಗೆ ಕಾಲಿಡುವ ಮೊದಲೇ ಬೆಲೆಯ ಎಲ್ಲೆಯನ್ನೂ, ಮನೆಯಲ್ಲಿರಬೇಕಾದ ವಾಹನಗಳ ಸಂಖ್ಯೆಯನ್ನೂ ಬರೆದಿಡುವುದು. ಹೊಸದು ಬಂದರೆ ಹಳೆಯದೊಂದನ್ನು ಬಿಡುವುದು. ಆನಂದವು ಚಾಲನೆಯ ಕುಶಲತೆಯಲ್ಲಿದ್ದರೆ, ಕಡಮೆ ತೂಕದ, ಕಡಮೆ ಬೆಲೆಯ ಕಾರಿನಲ್ಲೂ ಅದು ದೊರೆಯುವುದೆಂದು ಪರೀಕ್ಷಿಸುವುದು. ಸಾರ್ವಜನಿಕ ರಸ್ತೆಯಲ್ಲಿ ಕಾಯಿದೆಯ ಮಿತಿಗಿಂತಲೂ ಒಳಗಿನ ಒಂದು ವೇಗವನ್ನು ತನ್ನ ವ್ರತವಾಗಿ ಇಟ್ಟುಕೊಳ್ಳುವುದು; ವೇಗವನ್ನು ಬಿಡಲಾರೆನೆಂಬವನು ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಪಥದಂಥ ಸ್ಥಳಗಳಲ್ಲಿ, ವರ್ಷಕ್ಕೆ ಇಂತಿಷ್ಟು ದಿನವೆಂದು ಎಣಿಸಿ ಓಡಿಸುವುದು. ಅಲ್ಲಿ ದಾರಿಹೋಕರಿಲ್ಲ, ದನಗಳಿಲ್ಲ. ರಾತ್ರಿಯ ವೇಳೆ ವಿನೋದದ ಸಂಚಾರವನ್ನು ಬಿಡುವುದು. ರಾತ್ರಿಭೋಜನವನ್ನು ಬಿಟ್ಟ ಕುಲಕ್ಕೆ ಇದು ಕಷ್ಟವಾಗಬಾರದು. ಚಾತುರ್ಮಾಸದಲ್ಲಿ, ಅಷ್ಟಮಿ ಚತುರ್ದಶಿಗಳಲ್ಲಿ, ದಶಲಕ್ಷಣ ಪರ್ವದಲ್ಲಿ ಕೀಲಿಯನ್ನು ತೆಗೆದಿಡುವುದು. ಕೀಲಿಯನ್ನು ತೆಗೆದಿಟ್ಟ ಹತ್ತು ದಿನ ಮನಸ್ಸು ಶಾಂತವಾಗಿದ್ದರೆ ವಾಹನವು ಅವನದು; ಚಡಪಡಿಸಿದರೆ ಅವನು ವಾಹನದವನು.

ಸಮಾಜಕ್ಕೂ ಇದರಲ್ಲಿ ಕರ್ತವ್ಯವಿದೆ. ಬಸದಿಯ ದ್ವಾರದಲ್ಲಿ ಯಾವ ಕಾರಿಗೆ ಹಗ್ಗ ಸರಿಸಿ ದಾರಿ ಬಿಡುತ್ತಾರೆ, ಪಂಚಕಲ್ಯಾಣದ ವೇದಿಕೆಗೆ ಯಾರನ್ನು ಮೊದಲು ಕರೆಯುತ್ತಾರೆ, ವಿವಾಹ ನಿಶ್ಚಯದಲ್ಲಿ ವರನ ಗುಣಕ್ಕಿಂತ ಮೊದಲು ಯಾವ ವಾಹನದ ಹೆಸರನ್ನು ಕೇಳುತ್ತಾರೆ ಎಂಬುದನ್ನು ಮಕ್ಕಳು ಗಮನಿಸುತ್ತಿರುತ್ತಾರೆ. ವಿಸ್ಮಯವೆಂಬ ಅತಿಚಾರವನ್ನು ಪ್ರವಚನದಲ್ಲಿ ಖಂಡಿಸಿ ವಾಹನ ನಿಲ್ದಾಣದಲ್ಲಿ ಗೌರವಿಸಿದರೆ, ಯುವಕರು ಕಲಿಯುವುದು ಎರಡನೆಯದನ್ನೇ. ಬಸದಿಗಳ ವಿಶ್ವಸ್ತ ಮಂಡಳಿಗಳು ಪರ್ವದ ದಿನಗಳಲ್ಲಿ ನೀಡುವ ನಿಯಮಪತ್ರಗಳಲ್ಲಿ ಆಹಾರದ ಸಾಲಿನ ಕೆಳಗೆ ವಾಹನದ ಸಂಖ್ಯೆಗೂ ವೇಗಕ್ಕೂ ಒಂದೊಂದು ಸಾಲನ್ನು ಸೇರಿಸುವುದು ಯೋಗ್ಯ. ತಂದೆಯೂ ಮಗನೂ ಒಂದೇ ಹಾಳೆಯಲ್ಲಿ, ಒಂದೇ ಲೇಖನಿಯಿಂದ ತಮ್ಮ ತಮ್ಮ ಎಲ್ಲೆಗಳನ್ನು ಬರೆದುಕೊಳ್ಳಲಿ. ಆಗ ಯಾವ ಕಾರನ್ನು ಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರವು ತಾನಾಗಿಯೇ ದೊರೆಯುವುದು. ಕೆಲವು ಮನೆಗಳಲ್ಲಿ ಕೊಳ್ಳುವ ಅಗತ್ಯವೇ ಇಲ್ಲವೆಂದೂ ತಿಳಿಯಬಹುದು.